ಸಿಡಿದದ್ದು ಒಂದೇ ಸಲ, ಅದುರಿದ್ದು ಎರಡು ಸಲ

ಪಾಂಡವಪುರದ ಕಡೆಯ ಒಂದು ಹಳ್ಳಿ. ಕಲ್ಲು ಕ್ವಾರಿ ಅಲ್ಲಿಂದ ಸುಮಾರು 7 ಕಿಲೋಮೀಟರ್. ಗೂಡಿನಲ್ಲಿ ಒರಗಿಸಿಟ್ಟ ಸ್ಟೀಲ್ ತಟ್ಟೆಗಳನ್ನು ತೋರಿಸಿ ಆ ಮನೆಯ ಅಜ್ಜಿ ಹೇಳಿದರು: "ಮೊದ್ಲು ನೆಲ ನಡುಗ್ತದೆ ಕಣಪ್ಪ. ಒಸಿ ಹೊತ್ತು ಬುಟ್ಟು ಈ ತಟ್ಟೆಗಳು ಅದುರ್ತವೆ. ಎಲ್ಡು ಸಲ ಸಿಡಿಸ್ತಾರೆ."

ಅಜ್ಜಿ ಗಮನಿಸಿದ್ದು ಅಕ್ಷರಶಃ ಸರಿ. ಆದರೆ ಸಿಡಿದದ್ದು ಒಂದೇ ಸಲ. ನೆಲದೊಳಗಿನ ಕಂಪನ ಸೆಕೆಂಡಿಗೆ ಹಲವು ಕಿಲೋಮೀಟರ್ ಓಡಿ ಒಂದೆರಡು ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಗಾಳಿಯ ಅಲೆಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದು ತಲುಪಲು 20 ಸೆಕೆಂಡು ಬೇಕು. ಆ ಅಲೆಯ ದೊಡ್ಡ ಪಾಲು ಸೆಕೆಂಡಿಗೆ 20 ಕಂಪನ, ಅಂದರೆ 20 ಹರ್ಟ್ಸ್‌ಗಿಂತ ಕೆಳಗಿನದು. ಕಿವಿಗೆ ಬೀಳುವುದಿಲ್ಲ, ತಟ್ಟೆ, ಕಿಟಕಿ, ಬಾಗಿಲಿಗೆ ತಿಳಿಯುತ್ತದೆ. ಇದೇ ಇನ್‌ಫ್ರಾಸೌಂಡ್.

ಕಂಪನ ನಿಧಾನವಾದಷ್ಟೂ ಗಾಳಿ ಅದನ್ನು ಕಡಿಮೆ ಹೀರುತ್ತದೆ, ಹಾಗಾಗಿ ಅದು ಬಹುದೂರ ಹೋಗುತ್ತದೆ. 2022ರ ಜನವರಿ 15ರಂದು ಟೋಂಗಾ ಬಳಿಯ ಜ್ವಾಲಾಮುಖಿ ಸಿಡಿದಾಗ ಎದ್ದ ಒತ್ತಡದ ಅಲೆ ಭೂಮಿಯನ್ನೇ ಸುತ್ತಿತು.

ಇದನ್ನು ಅಳೆಯುವುದು ನನ್ನ ಕೆಲಸ. ನಮ್ಮ ದೊಡ್ಡ ಶತ್ರು ಗಾಳಿ. ಕಬ್ಬಿನ ಗದ್ದೆಯ ಬದಿಯಲ್ಲಿ ಮಾಪಕ ಇಟ್ಟರೆ ಆಷಾಢದಲ್ಲಿ ಬೇರೇನೂ ಕಾಣದು. ಅದಕ್ಕೇ ಸಣ್ಣ ರಂಧ್ರಗಳ ಪೈಪುಗಳನ್ನು ಮಾಪಕದ ಸುತ್ತ ನಾಲ್ಕು ದಿಕ್ಕಿಗೆ ಹಾಸುತ್ತೇವೆ. ಮಂಡ್ಯದ ರೈತರಿಗೆ ಡ್ರಿಪ್ ಎಂದರೆ ತಕ್ಷಣ ಅರ್ಥವಾಗುತ್ತದೆ. ಇಲ್ಲಿ ನೀರು ಹೊರಗೆ ಹೋಗುವ ಬದಲು ಗಾಳಿಯ ಒತ್ತಡ ಒಳಗೆ ಬರುತ್ತದೆ. ಪೈಪಿನ ಒಂದೊಂದು ಕಡೆ ಒಂದೊಂದು ರೀತಿ ಬಡಿಯುವ ಗಾಳಿಯ ಸುಳಿಗಳು ಪರಸ್ಪರ ಕಳೆದುಹೋಗುತ್ತವೆ, ದೂರದಿಂದ ಬಂದ ಉದ್ದ ಅಲೆ ಉಳಿಯುತ್ತದೆ. ಒಂದೇ ಮಾಪಕ ಸಾಲದು. ನೂರು ಮೀಟರ್ ಅಂತರದಲ್ಲಿ ನಾಲ್ಕಿದ್ದರೆ, ಯಾವುದಕ್ಕೆ ಮೊದಲು ತಾಕಿತು ಎಂಬ 0.3 ಸೆಕೆಂಡಿನೊಳಗಿನ ವ್ಯತ್ಯಾಸದಿಂದಲೇ ದಿಕ್ಕು ಸಿಗುತ್ತದೆ.

2024ರ ಜುಲೈ 30ರ ವಯನಾಡ್ ದುರಂತದ ಬಳಿಕ ಮೈಸೂರಿನಲ್ಲಿ ಹಲವರು ಕೇಳಿದರು: ಇದರಿಂದ ಗುಡ್ಡ ಕುಸಿತ ಮೊದಲೇ ತಿಳಿಯುತ್ತದೆಯೇ? ಇಲ್ಲ. ಕುಸಿತ ಶುರುವಾದ ಮೇಲಷ್ಟೇ ಸದ್ದು ಹುಟ್ಟುತ್ತದೆ. ಆದರೆ ಹಳ್ಳದಲ್ಲಿ ಬಂಡೆ, ಕೆಸರು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಇಳಿದರೆ 3 ಕಿಲೋಮೀಟರ್ ಕೆಳಗಿನ ಊರಿಗೆ ಬರಲು 5 ನಿಮಿಷ. ಅದರ ಸದ್ದಿಗೆ 9 ಸೆಕೆಂಡು ಸಾಕು. ಆಲ್ಪ್ಸ್ ಕಣಿವೆಗಳಲ್ಲಿ ಇಂಥ ಮಾಪಕಗಳನ್ನು ನೆಲದ ಕಂಪನ ಮಾಪಕಗಳ ಜೊತೆ ಕಟ್ಟಿ ಬಳಸಿದ್ದಾರೆ. ನಮ್ಮ ಘಟ್ಟದಲ್ಲಿ ಹಾಕುವುದಾದರೆ ಅದೇ ಕಂಬಕ್ಕೆ ಮಳೆಮಾಪಕವೂ ಬೇಕೆಂಬುದು ನನ್ನ ಹಟ. ಗುಡ್ಡ ಸಡಿಲಾಗುವ ಸುಳಿವನ್ನು ಮಳೆಯ ಲೆಕ್ಕ ಗಂಟೆಗಟ್ಟಲೆ ಮೊದಲೇ ಕೊಡಬಲ್ಲದು. ಸದ್ದು ಕೊಡುವುದು ಕೊನೆಯ ಆ 5 ನಿಮಿಷ ಮಾತ್ರ.