ರಸ್ತೆ ಬದಿ ತಿಂಗಳುಗಟ್ಟಲೆ ನಿಂತ ಗಾಡಿ: ತೆಗೆಸುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ರಸ್ತೆಯಲ್ಲಿ ಯಾರದೋ ಹಳೇ ಕಾರು ತಿಂಗಳುಗಳಿಂದ ನಿಂತಿದೆ. ಟೈರುಗಳ ಗಾಳಿ ಹೋಗಿದೆ, ಗಾಜಿನ ಮೇಲೆ ಧೂಳು ಮೆತ್ತಿಕೊಂಡಿದೆ. ಯಾರನ್ನು ಕೇಳಿದರೂ ‘ನಮ್ಮದಲ್ಲ’ ಅನ್ನುತ್ತಾರೆ. ಎಷ್ಟು ದಿನ ನಿಂತರೆ ಅದು ವಾರಸುದಾರರಿಲ್ಲದ ಗಾಡಿ ಅಂತ ಆಗುತ್ತದೆ? ಯಾರಿಗೆ ದೂರು ಕೊಡಬೇಕು?

ಉತ್ತರ: ಕಾನೂನಿನ ಲೆಕ್ಕ ದಿನಗಳಲ್ಲಿಲ್ಲ, ಗಂಟೆಯಲ್ಲಿದೆ. ಬರೀ ಹತ್ತು ಗಂಟೆ.

1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ನೋಡಿ. ಸಾರ್ವಜನಿಕ ಜಾಗದಲ್ಲಿ ಒಂದು ವಾಹನವನ್ನು ಹತ್ತು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಬಿಟ್ಟುಹೋಗಿದ್ದರೆ, ನೋಡಿಕೊಳ್ಳುವವರಿಲ್ಲದೆ ನಿಂತಿದ್ದರೆ, ಇಲ್ಲವೇ ಪಾರ್ಕಿಂಗ್ ನಿಷೇಧ ಇರುವ ಕಡೆ ನಿಲ್ಲಿಸಿದ್ದರೆ, ಅದನ್ನು ಟೋ ಮಾಡಿಸಲು ಅಥವಾ ಚಕ್ರಕ್ಕೆ ಲಾಕ್ ಹಾಕಿಸಲು ಆ ವ್ಯಾಪ್ತಿಯ ಪೊಲೀಸ್ ಅಧಿಕಾರಿ ಆದೇಶ ಕೊಡಬಹುದು. ಆ ಅಧಿಕಾರಿ ಸಮವಸ್ತ್ರದಲ್ಲಿರಬೇಕು ಅಂತಲೂ ಅಲ್ಲೇ ಬರೆದಿದೆ. ಟೋಯಿಂಗ್ ಗಾಡಿಯ ಹುಡುಗರು ತಾವಾಗಿಯೇ ನಿರ್ಧಾರ ಮಾಡಿ ಎತ್ತಿಕೊಂಡು ಹೋಗುವ ಹಾಗಿಲ್ಲ. ಬೆಂಗಳೂರಿನಲ್ಲಿ ಖಾಸಗಿ ಟೋಯಿಂಗ್ ಬಗ್ಗೆ ಜನರ ಸಿಟ್ಟು ಜೋರಾಗಿ 2022ರ ಆರಂಭದಲ್ಲಿ ಸರ್ಕಾರ ಅದನ್ನು ನಿಲ್ಲಿಸಿದ್ದು ನಿಮಗೆ ನೆನಪಿರಬಹುದು.

ಈಗ ಒಂದು ತಮಾಷೆ ನೋಡಿ. ರಾತ್ರಿ ಒಂಬತ್ತಕ್ಕೆ ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಿ, ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೊರಡುವವರು ಎಷ್ಟು ಜನ ಇದ್ದಾರೆ? ಹನ್ನೊಂದು ಗಂಟೆ ಆಯಿತಲ್ವಾ! ಅಕ್ಷರಕ್ಕೆ ಅಕ್ಷರ ಹಿಡಿದು ಹೊರಟರೆ ಅರ್ಧ ಊರಿನ ಕಾರುಗಳನ್ನು ಎತ್ತಬೇಕಾಗುತ್ತದೆ. ಅದಕ್ಕೇ ಕಾಯ್ದೆ ಪೊಲೀಸರಿಗೆ ಅಧಿಕಾರ ಕೊಟ್ಟಿದೆಯೇ ಹೊರತು ಎತ್ತಲೇಬೇಕು ಅಂತ ಕಡ್ಡಾಯ ಮಾಡಿಲ್ಲ. ‘ಸಾರ್, ಒಂದು ಹಳೇ ಕಾರು ತುಂಬಾ ದಿನದಿಂದ ನಿಂತಿದೆ’ ಅಂತಷ್ಟೇ ಹೇಳಿದರೆ ಠಾಣೆಯಲ್ಲಿ ‘ನೋಡೋಣ’ ಅನ್ನುವ ಉತ್ತರ ಸಿಗುವುದು ಇದೇ ಕಾರಣಕ್ಕೆ. ಅವರಿಗೆ ಅದಕ್ಕಿಂತ ಅರ್ಜೆಂಟ್ ಕೆಲಸ ಹತ್ತಿರುತ್ತವೆ.

ನಿಮ್ಮ ಕೈಗೆ ಬಲ ಕೊಡುವುದು ಅದೇ ಸೆಕ್ಷನ್ನಿನ ಎರಡನೇ ಭಾಗ. ಬಿಟ್ಟುಹೋದ, ಜಖಂ ಆದ, ಸುಟ್ಟ ಅಥವಾ ಅರ್ಧಂಬರ್ಧ ಬಿಚ್ಚಿಹಾಕಿದ ವಾಹನ ನಿಂತ ಜಾಗದಿಂದಾಗಿ ಸಂಚಾರಕ್ಕೆ ಅಪಾಯ ತರುತ್ತಿದ್ದರೆ, ಅಥವಾ ಅದರ ಅವತಾರವೇ ಸಂಚಾರಕ್ಕೆ ಅಡ್ಡಿಯಾಗಿದ್ದರೆ, ತಕ್ಷಣ ತೆಗೆಸಬಹುದು. ಇಲ್ಲಿ ಗಂಟೆಯ ಲೆಕ್ಕವೇ ಇಲ್ಲ. ಹತ್ತು ನಿಮಿಷದ ಹಿಂದೆ ಕೆಟ್ಟು ನಿಂತ ಲಾರಿಯೂ ಇದರೊಳಗೆ ಬರಬಹುದು. ಹಾಗಾಗಿ ಗಾಡಿ ಎಷ್ಟು ದಿನದಿಂದ ನಿಂತಿದೆ ಅನ್ನುವುದಕ್ಕಿಂತ ಎಲ್ಲಿ, ಹೇಗೆ ನಿಂತಿದೆ ಅನ್ನುವುದನ್ನೇ ದೂರಿನ ಮೊದಲ ಸಾಲಿನಲ್ಲಿ ಬರೆಯಿರಿ.

ಅಪಾಯ ಅಂದರೆ ಏನು? 122ನೇ ಸೆಕ್ಷನ್ ಸಾಕಷ್ಟು ಅಗಲವಾಗಿದೆ. ಬೇರೆಯವರಿಗೆ ಅಪಾಯ, ಅಡ್ಡಿ ಅಥವಾ ವಿಪರೀತ ತೊಂದರೆ ಆಗುವಂಥ ಜಾಗದಲ್ಲಿ, ಅಂಥ ಸ್ಥಿತಿಯಲ್ಲಿ ವಾಹನವನ್ನು ಬಿಡಬಾರದು ಎನ್ನುತ್ತದೆ ಅದು. ತೊಂದರೆ ಆಗಿಯೇ ಇರಬೇಕು ಅಂತಿಲ್ಲ, ಆಗುವ ಸಾಧ್ಯತೆ ಇದ್ದರೂ ಸಾಕು. ತಿರುವಿನಲ್ಲಿ ಎದುರಿನ ಬೈಕು ಕಾಣದ ಹಾಗೆ ಮರೆಯಾಗಿ ನಿಂತ ವ್ಯಾನು, ಒಂದು ಚಕ್ರ ಬಿಚ್ಚಿ ಕಲ್ಲಿನ ಮೇಲೆ ಕೂರಿಸಿದ ಆಟೋ, ಫುಟ್‌ಪಾತ್ ಮೇಲೆ ಅರ್ಧ ಹತ್ತಿಸಿ ಬಿಟ್ಟ ಕಾರು, ಹೀಗೆ. ಆ ಫುಟ್‌ಪಾತಿನ ಕಾರನ್ನು ಬೆಳಿಗ್ಗೆ ಶಾಲೆ ಹೊತ್ತಿನಲ್ಲಿ ಒಮ್ಮೆ ನಿಂತು ನೋಡಿ. ಬ್ಯಾಗು ಹೊತ್ತ ಮಕ್ಕಳು ಅಲ್ಲಿಗೆ ಬಂದ ಕೂಡಲೇ ರಸ್ತೆಗೆ ಇಳಿಯುತ್ತಾರೆ, ಹಿಂದಿನಿಂದ ಬಸ್ಸು ಬರುತ್ತಿರುತ್ತದೆ, ಕಾರು ದಾಟಿದ ಮೇಲೆ ಮತ್ತೆ ಮೇಲೆ ಹತ್ತುತ್ತಾರೆ. ಆ ಹೊತ್ತಿನ ಫೋಟೋ ಒಂದಿದ್ದರೆ ನಿಮ್ಮ ದೂರಿಗೆ ಎರಡು ಪುಟದ ಅರ್ಜಿಗಿಂತ ಜಾಸ್ತಿ ತೂಕ ಬರುತ್ತದೆ.

ನಿಂತ ಗಾಡಿ ಏನು ಮಾಡೀತು ಅನ್ನುವವರಿಗೆ ಒಂದು ಹಳೇ ಕೇಸು ಹೇಳಬೇಕು. 1987ರಲ್ಲಿ ಮಹಾರಾಷ್ಟ್ರದಲ್ಲಿ, ಆಗಿನ ರಾಷ್ಟ್ರೀಯ ಹೆದ್ದಾರಿ 4ರಲ್ಲಿ, ಅಂದರೆ ನಮ್ಮ ಬೆಂಗಳೂರು–ಪುಣೆ ರಸ್ತೆಯಲ್ಲೇ, ಒಂದು ಪೆಟ್ರೋಲ್ ಟ್ಯಾಂಕರ್‌ಗೂ ಲಾರಿಗೂ ರಾತ್ರಿ ಡಿಕ್ಕಿಯಾಗಿ ಟ್ಯಾಂಕರ್ ರಸ್ತೆ ಬದಿ ಮಗುಚಿ ಬಿತ್ತು. ಪೆಟ್ರೋಲ್ ಸೋರುತ್ತಿತ್ತು, ಸುತ್ತಲಿನ ಜನ ತುಂಬಿಕೊಳ್ಳಲು ಸೇರಿದರು. ಡಿಕ್ಕಿಯಾದ ಸುಮಾರು ನಾಲ್ಕು ಗಂಟೆಯ ಮೇಲೆ ಅದು ಸ್ಫೋಟಿಸಿತು. ಓಡದೇ ಬಿದ್ದಿದ್ದ ವಾಹನ ‘ಬಳಕೆಯಲ್ಲಿತ್ತು’ ಅನ್ನುವುದು ಹೇಗೆ ಅಂತ ವಿಮಾ ಕಂಪನಿ ಕಡೆಯವರು ವಾದಿಸಿದರು. ವಾಹನ ನಿಂತಿದ್ದರೂ, ಕೆಟ್ಟು ಬಿದ್ದಿದ್ದರೂ ಬಳಕೆಯಲ್ಲೇ ಇದೆ ಅಂತ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಗಾಡಿ ಓಡುತ್ತಿಲ್ಲ, ಇನ್ಶೂರೆನ್ಸ್ ಯಾಕೆ ಕಟ್ಟಬೇಕು ಅಂತ ರಸ್ತೆಯಲ್ಲಿ ಬಿಟ್ಟಿರುವವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಸಂಚಾರದ್ದಲ್ಲದ ಅಪಾಯವೂ ಇದೆ. ಮಳೆಗಾಲದಲ್ಲಿ ಬಾನೆಟ್ ಇಲ್ಲದ ಗಾಡಿಯೊಳಗೆ, ಬಿಚ್ಚಿಟ್ಟ ಟೈರಿನೊಳಗೆ ನೀರು ನಿಂತರೆ ಡೆಂಗಿ ತರುವ ಈಡಿಸ್ ಸೊಳ್ಳೆಗೆ ಅದೇ ಮನೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ತಂದಿದೆ. ಪೊಲೀಸರು ತಡ ಮಾಡಿದರೆ ಪಾಲಿಕೆಯ ಆರೋಗ್ಯ ವಿಭಾಗದ ಬಾಗಿಲು ತಟ್ಟಿ. ಅನೇಕ ಸಲ ಈ ದಾರಿಯೇ ಬೇಗ.

ಇನ್ನು ಜಾಗದ ವಿಷಯ. ಇದೆಲ್ಲ ಅನ್ವಯವಾಗುವುದು ಸಾರ್ವಜನಿಕ ಜಾಗಕ್ಕೆ, ಅಂದರೆ ಜನರಿಗೆ ಹೋಗಿ ಬರುವ ಹಕ್ಕಿರುವ ರಸ್ತೆ, ಗಲ್ಲಿ, ಬಸ್ ನಿಲ್ದಾಣ ಇತ್ಯಾದಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕೊಳೆಯುತ್ತಿರುವ ಕಾರು ಅಸೋಸಿಯೇಷನ್ನಿನ ತಲೆನೋವು. ಸಂಚಾರ ಪೊಲೀಸರು ಬರುವುದಿಲ್ಲ.

ದೂರು ಕೊಡುವ ಮೊದಲು ನಂಬರ್ ಪ್ಲೇಟ್ ನೋಡಿ, ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಮಾಲೀಕರ ಹೆಸರು ಪೂರ್ತಿ ಕಾಣುವುದಿಲ್ಲ. ಆದರೆ ನೋಂದಣಿ ಯಾವ ಆರ್‌ಟಿಒದ್ದು, ಇನ್ಶೂರೆನ್ಸ್ ಯಾವತ್ತು ಮುಗಿದಿದೆ ಅನ್ನುವುದು ಗೊತ್ತಾಗುತ್ತದೆ. ಅದರ ಸ್ಕ್ರೀನ್‌ಶಾಟ್, ಗಾಡಿ ನಿಂತ ಜಾಗದ ಗುರುತು, ಬೇರೆ ಬೇರೆ ದಿನ ತೆಗೆದ ಫೋಟೋಗಳನ್ನು ಸೇರಿಸಿ ನಿಮ್ಮ ವ್ಯಾಪ್ತಿಯ ಸಂಚಾರ ಠಾಣೆಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬೆಂಗಳೂರಿನವರಾದರೆ ಪಾಲಿಕೆಯ 1533 ಇದೆ. ಈಗಲೇ ಯಾರಾದರೂ ಬಂದು ಗುದ್ದುವ ಹಾಗಿದ್ದರೆ ನೇರ 112ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಹೆದ್ದಾರಿಯಾದರೆ 1033.

ನೀವೇ ನಾಲ್ಕು ಜನ ಸೇರಿ ತಳ್ಳುವುದು, ಗಾಜು ಒಡೆಯುವುದು, ಗುಜರಿಯವನನ್ನು ಕರೆದು ಕೊಟ್ಟುಬಿಡುವುದು ಬೇಡವೇ ಬೇಡ. ಎಷ್ಟೇ ತುಕ್ಕು ಹಿಡಿದಿದ್ದರೂ ಅದು ಇನ್ನೊಬ್ಬರ ಸ್ವತ್ತು. ಕದ್ದ ಗಾಡಿಯೋ, ಯಾವುದಾದರೂ ಅಪರಾಧಕ್ಕೆ ಬಳಸಿದ್ದೋ ಆಗಿದ್ದರೆ ಸುಮ್ನೆ ನೀವು ಸಾಕ್ಷ್ಯ ಹಾಳು ಮಾಡಿದ ಹಾಗೂ ಆಗುತ್ತದೆ. ಪೊಲೀಸರು ಛಾಸಿ ನಂಬರ್ ಪರಿಶೀಲಿಸಲು ಸಮಯ ತೆಗೆದುಕೊಳ್ಳುವುದು ಇದಕ್ಕೇ.

ಎತ್ತಿದ ಮೇಲೆ ಮಾಲೀಕ ಬಂದರೆ ಟೋಯಿಂಗ್ ಖರ್ಚು ಪೂರ್ತಿ ಅವನದೇ, ದಂಡ ಬೇರೆ. ಸಂಚಾರಕ್ಕೆ ಅಡ್ಡಿ ಮಾಡಿದ್ದಕ್ಕೆ 201ನೇ ಸೆಕ್ಷನ್ ಪ್ರಕಾರ 500 ರೂಪಾಯಿವರೆಗೆ ದಂಡ ಇದೆ. 2019ರ ತಿದ್ದುಪಡಿಗೆ ಮೊದಲು ಅದು ಗಂಟೆಗೆ 50 ರೂಪಾಯಿವರೆಗೆ ಇತ್ತು. ಲೆಕ್ಕ ಹಾಕಿದರೆ ದಿನಕ್ಕೆ 1,200! ನೋ ಪಾರ್ಕಿಂಗ್‌ನಲ್ಲಿ ಅರ್ಧ ಗಂಟೆ ನಿಲ್ಲಿಸಿದವನಿಗೆ ಹೊಸ ದಂಡ ಭಾರ, ವರ್ಷಗಟ್ಟಲೆ ಬಿಟ್ಟುಹೋದವನಿಗೆ ಹಳೇದೇ ಭಾರ ಇತ್ತು. ನನಗಂತೂ ಇಂಥ ಗಾಡಿಗಳಿಗೆ ಹಳೇ ಲೆಕ್ಕವೇ ಸರಿ ಅನ್ನಿಸುತ್ತದೆ.

ಯಾರೂ ಬರದಿದ್ದರೆ ವಿಷಯ ಮ್ಯಾಜಿಸ್ಟ್ರೇಟ್ ಮುಂದೆ ಹೋಗುತ್ತದೆ. ಹಕ್ಕುದಾರರು ಆರು ತಿಂಗಳೊಳಗೆ ಬನ್ನಿ ಅಂತ ಪ್ರಕಟಣೆ ಹೊರಡುತ್ತದೆ, ಆಮೇಲೆ ಹರಾಜು. ಜಫ್ತಿ ಮಾಡಿದ ವಾಹನಗಳನ್ನು ಠಾಣೆಗಳಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆದರೂ ಯಾವುದೇ ಠಾಣೆಯ ಕಾಂಪೌಂಡ್ ನೋಡಿ, ಬೈಕುಗಳ ಮೇಲೆ ಬಳ್ಳಿ ಹಬ್ಬಿರುತ್ತದೆ. ನಿಮ್ಮ ರಸ್ತೆಯ ಕಾರನ್ನು ಎತ್ತಲು ಪೊಲೀಸರು ಹಿಂದೆ ಮುಂದೆ ನೋಡುವುದಕ್ಕೆ ಜಾಗದ ಈ ಕೊರತೆಯೂ ಒಂದು ಕಾರಣ.

ಇದನ್ನು ಓದುತ್ತಿರುವವರಲ್ಲಿ ಅಂಥ ಕಾರಿನ ಮಾಲೀಕರೂ ಇರಬಹುದು. ನಿಮಗೂ ದಾರಿ ಇದೆ. ಗಾಡಿ ಇನ್ನು ಓಡುವುದೇ ಇಲ್ಲ ಅಂತಾದರೆ ಹದಿನಾಲ್ಕು ದಿನದೊಳಗೆ ಅಥವಾ ಆದಷ್ಟು ಬೇಗ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು ಅಂತ 55ನೇ ಸೆಕ್ಷನ್ ಹೇಳುತ್ತದೆ. 2021ರ ನಿಯಮಗಳ ಪ್ರಕಾರ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟರೆ ದುಡ್ಡಿನ ಜೊತೆಗೆ ಠೇವಣಿ ಪ್ರಮಾಣಪತ್ರವೂ, ಅಂದರೆ ಗಾಡಿಯನ್ನು ಗುಜರಿಗೆ ಒಪ್ಪಿಸಿದ್ದಕ್ಕೆ ದಾಖಲೆಯೂ, ಸಿಗುತ್ತದೆ. ಆರ್‌ಸಿ ರದ್ದು ಮಾಡಿಸದೆ ಮೂಲೆಯ ಗುಜರಿ ಅಂಗಡಿಗೆ ಕೊಟ್ಟು ಕೈತೊಳೆದುಕೊಂಡರೆ ದಾಖಲೆಯಲ್ಲಿ ಮಾಲೀಕರು ನೀವೇ. ನಾಳೆ ಆ ನಂಬರ್ ಪ್ಲೇಟ್ ಇನ್ಯಾವುದೋ ಗಾಡಿಗೆ ಅಂಟಿಕೊಂಡು ಸಿಗ್ನಲ್ ಹಾರಿದರೂ ನೋಟಿಸ್ ಬರುವುದು ನಿಮ್ಮ ವಿಳಾಸಕ್ಕೇ.