ತಾರಸಿಗೊಂದು ನಾರಿನ ಹಾಸು

"ಸಾರ್, ಸೆಕೆ ತಡೆಯೋಕೆ ಗೋಡೆಗೆ ಏನು ಹಾಕಿಸಲಿ?" ಬೇಸಿಗೆ ಬಂತೆಂದರೆ ಮೇಲಿನ ಮಹಡಿಯವರು ನನ್ನನ್ನು ಕೇಳುವುದು ಇದನ್ನೇ. ಗೋಡೆ ಆಮೇಲೆ, ಮೊದಲು ತಾರಸಿ ನೋಡೋಣ ಅನ್ನುತ್ತೇನೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಹಗಲೆಲ್ಲ ಕಾದ ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್ ಚಪ್ಪಡಿ, ರಾತ್ರಿ ಹತ್ತಾದರೂ ಒಳಗೆ ಬಿಸಿ ಬಿಡುತ್ತಲೇ ಇರುತ್ತದೆ. ಹೊರಗೆ ತಂಗಾಳಿ, ಮಂಚದ ಮೇಲೆ ಸೆಕೆ.

ಇದಕ್ಕೆ ನನಗೆ ಹಿಡಿಸಿದ ಮದ್ದು ನಮ್ಮ ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ನಾರು. ನಿಜವಾಗಿ ಶಾಖ ತಡೆಯುವುದು ನಾರಲ್ಲ, ಎಳೆಗಳ ನಡುವೆ ಅಲ್ಲಾಡದೆ ನಿಂತ ಗಾಳಿ. ಹಿಂದೆ ಐಸ್ ಗಡ್ಡೆಯನ್ನು ಹೊಟ್ಟಿನಲ್ಲಿ ಮುಚ್ಚಿಡುತ್ತಿದ್ದರು ಅಲ್ವಾ, ಅದೇ ಉಪಾಯ. ಶಾಖ ದಾಟಿಸುವ ಅಳತೆಯಲ್ಲಿ (ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು) ಸಡಿಲ ನಾರಿನ ಹಾಸಿನದು ಸುಮಾರು 0.045, ಆರ್‌ಸಿಸಿಯದು ಸುಮಾರು 1.58. ಅಂದರೆ 5 ಸೆಂ.ಮೀ. ನಾರು ಮಾಡುವ ಕೆಲಸಕ್ಕೆ ಒಂದೂಮುಕ್ಕಾಲು ಮೀಟರ್ ದಪ್ಪದ ಕಾಂಕ್ರೀಟ್ ಬೇಕು! ಅಂಟು ಹಾಕಿ ಒತ್ತಿದ ಗಟ್ಟಿ ಬೋರ್ಡ್‌ಗೆ ಈ ಲೆಕ್ಕ ಹಿಡಿಯಬೇಡಿ. ಒತ್ತಿದಷ್ಟೂ ಒಳಗಿನ ಗಾಳಿ ಹೋಗುತ್ತದೆ.

ಥರ್ಮಕೋಲ್‌ನ ಅಂಕಿ ಇನ್ನೂ ಚೆನ್ನಾಗಿದೆ, 0.035ರ ಹತ್ತಿರ. ಆದರೆ ನಾರು ಅದಕ್ಕಿಂತ ತೂಕ. ಶಾಖ ದಾಟೋಕೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಸಂಜೆಯಾಗಿ ನಮ್ಮೂರಿನ ಗಾಳಿ ತಣ್ಣಗಾಗಿರುತ್ತದೆ, ಕಿಟಕಿ ತೆಗೆಯಬಹುದು.

ನಾರಿನ ವೈರಿ ನೀರು. ನಿಂತ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಜಾಸ್ತಿ ಶಾಖ ದಾಟಿಸುತ್ತದೆ. ವಿಜಯನಗರದ ಒಂದು ಮನೆಯಲ್ಲಿ ನನ್ನಿಂದಲೇ ತಪ್ಪಾಯಿತು. ವಾಟರ್‌ಪ್ರೂಫಿಂಗನ್ನು ಪ್ಯಾರಪೆಟ್ ಗೋಡೆಗೆ ಒಂದು ಗೇಣು ಹತ್ತಿಸಿ ಮಾಡಿಸಬೇಕಿತ್ತು, ಮಾಡಿಸಲಿಲ್ಲ. ಮಳೆಗಾಲ ಮುಗಿದ ಮೇಲೆ ಮೂಲೆಯ ಟೈಲ್ ಎತ್ತಿಸಿದೆ. ನಾರು ಸೋಸಿದ ಚಹಾ ಚರಟದ ಹಾಗೆ ಕಪ್ಪಾಗಿತ್ತು. ಹಿಡಿ ಎತ್ತಿ ಹಿಂಡಿದರೆ ಮೊಣಕೈವರೆಗೂ ನೀರು ಇಳಿಯಿತು. ಮನೆಯ ಅಜ್ಜಿ ಏನೂ ಅನ್ನಲಿಲ್ಲ, ಸುಮ್ನೆ ನೋಡುತ್ತಾ ನಿಂತಿದ್ದರು. ಅಷ್ಟನ್ನೂ ತೆಗೆಸಿ ನನ್ನ ಖರ್ಚಿನಲ್ಲೇ ಮತ್ತೆ ಹಾಕಿಸಿದೆ.

ಮೋಲ್ಡ್ ಮೇಲೆ ಮೊದಲು ಮಳೆನೀರಿನ ಪೈಪಿನ ಕಡೆಗೆ ಇಳಿಜಾರು, ಆಮೇಲೆ ವಾಟರ್‌ಪ್ರೂಫಿಂಗ್, ಆಮೇಲೆ ನಾರು. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಜಾಲರಿ ಇಟ್ಟ ಕಾಂಕ್ರೀಟ್, ಕೊನೆಗೆ ಬಿಳಿ ಟೈಲ್. ಒಳಗಿನಿಂದ ಸೀಲಿಂಗ್‌ಗೆ ಅಂಟಿಸುವುದು ಸುಲಭ, ನಿಜ. ಆದರೆ ಆಗ ಮೋಲ್ಡ್ ಬಿಸಿಲಿನಲ್ಲೇ ಉಳಿಯುತ್ತದೆ. ನಾರು ಮೇಲಿದ್ದರೆ ಮೋಲ್ಡ್‌ಗೂ ನೆರಳು.

ಕೆಲಸವನ್ನು ಫೆಬ್ರವರಿಯೊಳಗೆ ಮುಗಿಸಿಕೊಳ್ಳಿ, ಬೇಸಿಗೆ ಮಳೆ ಶುರುವಾಗುವ ಮೊದಲು. ನಾರು ಬಂದಿಳಿದ ದಿನವೇ ಸುರುಳಿಯ ಒಳಗೆ ಕೈ ಹಾಕಿ ನೋಡಿ. ತಣ್ಣಗೆ ತೇವ ಅನ್ನಿಸಿದರೆ ಎರಡು ದಿನ ಬಿಸಿಲಿಗೆ ಹರಡಿ, ಆಮೇಲೆ ಮೇಸ್ತ್ರಿಯನ್ನು ಕರೆಯಿರಿ.