ಹಣೆಗಂಟಿಸಿದ ಪಟ್ಟಿಗೆ ಕೇಳಿಸುವುದೇನು?

"ಆಪರೇಷನ್ನಿಗೆ ಮತ್ತಿನ ಇಂಜೆಕ್ಷನ್ ಕೊಟ್ಟಿದ್ರೂ ಡಾಕ್ಟ್ರು ಮಾತಾಡಿದ್ದೆಲ್ಲ ಕೇಳಿಸ್ತು" ಎಂದು ಹಾಸನದ ಕಡೆ ಯಾರಾದರೂ ಹೇಳಿದರೆ, ಗಾಬರಿಯಾಗುವ ಮೊದಲು ಕೇಳಿ: ಸೂಜಿ ಚುಚ್ಚಿದ್ದು ಬೆನ್ನಿಗೋ, ಕೈಗೋ? ಬೆನ್ನಿಗಾದರೆ ಮರಗಟ್ಟುವುದು ಸೊಂಟದ ಕೆಳಗೆ, ಕಿವಿಗೇನಾಗಿದೆ? ಪೂರ್ತಿ ಪ್ರಜ್ಞೆ ತಪ್ಪಿಸಿದಾಗಲೂ ಎಚ್ಚರವಿದ್ದದ್ದು ಬೇರೆಯೇ ವಿಷಯ. ಅದು ಅಪರೂಪ. ಬ್ರಿಟನ್–ಐರ್ಲೆಂಡಿನ 2014ರ ವರದಿಯ ಪ್ರಕಾರ ತಾವಾಗಿ ಹೇಳಿಕೊಂಡವರು ಸುಮಾರು 19,000ಕ್ಕೆ ಒಬ್ಬರು; ಕೆದಕಿ ಕೇಳಿದ ಅಧ್ಯಯನಗಳಲ್ಲಿ ಸಾವಿರಕ್ಕೆ ಒಬ್ಬಿಬ್ಬರು.

ಅಂಥದ್ದಾಗದಿರಲೆಂದೇ ಹಣೆಗೆ, ಮಿದುಳಿನ ವಿದ್ಯುತ್ ಅಲೆ ಹಿಡಿಯುವ ನಾಲ್ಕು ಎಲೆಕ್ಟ್ರೋಡುಗಳ ಪಟ್ಟಿ. ಅದು ಮನಸ್ಸನ್ನು ಓದುವುದಿಲ್ಲ. ಸಂತೆಯನ್ನು ಎರಡು ಬೀದಿ ಆಚೆ ನಿಂತು ಕೇಳಿಸಿಕೊಂಡಂತೆ ಮಿದುಳನ್ನು ಕೇಳಿಸಿಕೊಳ್ಳುತ್ತದೆ. ಎಚ್ಚರದಲ್ಲಿ ಒಬ್ಬೊಬ್ಬರದು ಒಂದೊಂದು ಕೂಗು, ಕೂಗು ಕೂಗನ್ನು ನುಂಗಿ ಬರೀ ಗುಜುಗುಜು: ಅಲೆ ಗಿಡ್ಡ, ಚುರುಕು. ಪ್ರಜ್ಞೆ ತಪ್ಪಿಸುವ ಔಷಧ ಪ್ರೊಪೊಫಾಲ್ ಏರಿತೋ, ಸಂತೆಯೆಲ್ಲ ಭಜನೆಗೆ ಕೂತಂತೆ ಒಂದೇ ತಾಳ. ಗೊರೂರು ಹಿನ್ನೀರಿನಲ್ಲಿ ದೊಡ್ಡ ಅಲೆಯ ಬೆನ್ನೇರಿ ಸಣ್ಣ ಅಲೆ ಬಂದಂತೆ, ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ಸಲ ಏಳುವ ಅಲೆ, ಅದರ ಮೇಲೆ ಸೆಕೆಂಡಿಗೆ 8–12 ಸಲದ್ದು. ಔಷಧ ಅತಿಯಾಯಿತೋ, ಮೂಡಿಗೆರೆಯ ಆಷಾಢದ ಮಳೆ: ಧೋ ಎಂದು ಸುರಿದು, ಗಪ್ಪನೆ ನಿಂತು, ಮತ್ತೆ ಧೋ. ನಿಂತ ಹೊತ್ತಿನಲ್ಲಿ ಗೆರೆ ಮಟ್ಟಸ. (ಮನುಷ್ಯನ ಮಿದುಳಿನ ಅಲೆಯನ್ನು 1924ರಲ್ಲಿ ಮೊದಲು ದಾಖಲಿಸಿದ ಹಾನ್ಸ್ ಬರ್ಗರ್ ಹುಡುಕಲು ಹೊರಟದ್ದು ಟೆಲಿಪತಿಯನ್ನು, ಮನಸ್ಸಿನಿಂದ ಮನಸ್ಸಿಗೆ ಹೋಗುವ ಮಾತನ್ನು!)

ಈ ಅಲೆಗಳನ್ನೇ ಲೆಕ್ಕ ಹಾಕಿ ಬಿಐಎಸ್ ಯಂತ್ರ 0ಯಿಂದ 100ರೊಳಗೆ ಒಂದು ಅಂಕಿ ತೋರಿಸುತ್ತದೆ; ಎಚ್ಚರ ಹೆಚ್ಚಿದಷ್ಟೂ ಅಂಕಿ ಹೆಚ್ಚು. ಆಪರೇಷನ್ನಿಗೆ 40–60 ಇರಬೇಕು. ಹಣೆಯ ಎಣ್ಣೆ, ಕುಂಕುಮವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ, ಒಂದೊಂದು ಎಲೆಕ್ಟ್ರೋಡನ್ನೂ 5 ಸೆಕೆಂಡ್ ಒತ್ತಿ ಹಿಡಿಯದಿದ್ದರೆ ಅಂಕಿಯೇ ಮೂಡದಿರಬಹುದು. ಮೂಡಿದ್ದೂ 15–30 ಸೆಕೆಂಡ್ ಹಳೆಯದು. ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವ ಕಾಟರಿ ಹಚ್ಚಿದರೆ ಕೆಡುತ್ತದೆ, ಕೆಟಮಿನ್ ಎಂಬ ಮತ್ತಿನ ಔಷಧ ಕೊಟ್ಟರೆ ರೋಗಿ ಮಲಗಿದ್ದರೂ ಏರುತ್ತದೆ. ಇನ್ನೂ ಕೆಟ್ಟದ್ದಿದೆ: ಪೂರ್ತಿ ಎಚ್ಚರವಿದ್ದ ಸ್ವಯಂಸೇವಕರಿಗೆ ಸ್ನಾಯು ಸಡಿಲಿಸುವ ಔಷಧ ಮಾತ್ರ ಕೊಟ್ಟಾಗಲೂ ಅಂಕಿ 60ರ ಕೆಳಗಿಳಿದದ್ದುಂಟು. ಹಣೆಯ ಸ್ನಾಯುವಿನ ಸದ್ದನ್ನೂ ಅದು ಎಚ್ಚರದ ಖಾತೆಗೇ ಬರೆದುಕೊಳ್ಳುತ್ತದೆ, ನೋಡಿ.

ಹಾಗಾಗಿ ಅಂಕಿಗಿಂತ ಮೊದಲು ಕೈಯ ಸೂಜಿ ನೋಡಬೇಕು. ಬಟ್ಟೆಯಡಿ ಅದು ಜಾರಿ ಪ್ರೊಪೊಫಾಲ್ ಹಾಸಿಗೆಗೆ ಇಳಿಯುತ್ತಿರಬಹುದು, ಮತ್ತಿನ ಗ್ಯಾಸ್ ಒದಗಿಸುವ ವೇಪರೈಸರ್ ಬರಿದಾಗಿರಬಹುದು, ಸ್ನಾಯು ಸಡಿಲಾದ ರೋಗಿ ಬೆರಳೂ ಆಡಿಸಲಾರ. ಗ್ಯಾಸ್ ಕೊಟ್ಟು ಮಲಗಿಸಿದಾಗ, ಹೊರಬಿಡುವ ಉಸಿರಿನಲ್ಲಿ ಅದು 0.7 ಮ್ಯಾಕ್‌ಗಿಂತ (ಕತ್ತಿ ಆಡಿಸಿದರೂ ಅರ್ಧದಷ್ಟು ರೋಗಿಗಳು ಅಲುಗದಿರಲು ಬೇಕಾದ ಗ್ಯಾಸಿನ ಪ್ರಮಾಣ 1 ಮ್ಯಾಕ್) ಇಳಿದರೆ ಕೂಗುವ ಅಲಾರಾಂಗಿಂತ ಬಿಐಎಸ್ ಮೇಲೆಂದು 2011ರ ದೊಡ್ಡ ಪ್ರಯೋಗದಲ್ಲೂ ಸಾಬೀತಾಗಲಿಲ್ಲ.

ರೋಗಿಯನ್ನೇ ಕೇಳುವ ಉಪಾಯ 1977ರದು. ಸ್ನಾಯು ಸಡಿಲಿಸುವ ಮುನ್ನ ಒಂದು ತೋಳಿಗೆ ಬಿಪಿ ಪಟ್ಟಿ ಬಿಗಿದು ಔಷಧ ಮುಂಗೈಗೆ ಇಳಿಯದಂತೆ ತಡೆಯುತ್ತಾರೆ. ಆಮೇಲೆ ಕಿವಿಯ ಬಳಿ, "ನನ್ನ ಕೈ ಹಿಸುಕಿ." ಕೆಲವರು ಹಿಸುಕುತ್ತಾರೆ. ಮಾರನೇ ದಿನ ಕೇಳಿದರೆ, ಆಪರೇಷನ್ ಯಾವಾಗ ಮುಗೀತು ಅಂತಾರೆ.